ಮೂಗಿಗೆ ಹಿಡಿದ ಕರವಸ್ತ್ರ

ಊರು ಬಿಟ್ಟು ಬೊಂಬಾಯಿ ಸೇರಿದವನಿಗೆ ಊರಿನವರು ಮೊದಲ ವರ್ಷ ಕೇಳುವುದು, "ಅಲ್ಲಿ ಊಟಕ್ಕೆ ಎಂತ ಮಾಡ್ತಿ?" ಎಂದು. ಎರಡನೆಯ ವರ್ಷದಿಂದ ಕೇಳುವುದು, "ನಮ್ಮ ಹುಡುಗನಿಗೊಂದು ಕೆಲಸ ನೋಡ್ತಿಯಾ?" ಎಂದು. ಈ ಎರಡನೆಯ ಪ್ರಶ್ನೆಗೆ ಹೂಂ ಅಂದವರಿಂದಲೇ ಮುಂಬಯಿಯ ಅರ್ಧ ಕನ್ನಡಿಗರು ಇಲ್ಲಿ ನೆಲೆ ನಿಂತದ್ದು ಎಂದರೆ ಹೆಚ್ಚಾಗಲಿಕ್ಕಿಲ್ಲ. ಹೋಟೆಲಿನ ಮಾಣಿ ತಮ್ಮನನ್ನು ಕರೆಸಿದ, ತಮ್ಮ ಭಾವನನ್ನು ಕರೆಸಿದ, ಭಾವ ಒಂದು ಕ್ಯಾಂಟೀನ್ ಹಿಡಿದ ಮೇಲೆ ಊರಿಗೆ ಊರೇ ಬಂತು. ನಾನು ಬ್ಯಾಂಕಿನವನು. ಬ್ಯಾಂಕಿನ ಆಫೀಸರ ಎಂದರೆ ಅವನ ಜೇಬಿನಲ್ಲಿ ಹತ್ತು ಕಾರ್ಖಾನೆಗಳ ಬೀಗದ ಕೈ ಇದೆ ಎಂದು ಊರಿನವರ ನಂಬಿಕೆ. ಮೂವತ್ತೇಳು ವರ್ಷದ ಸರ್ವೀಸಿನಲ್ಲಿ ನಾನು ಐದು ಹುಡುಗರಿಗೆ ಕೆಲಸ ಕೊಡಿಸಿದ್ದೇನೆ. ಮೂವರು ಚೆನ್ನಾಗಿದ್ದಾರೆ. ಒಬ್ಬ ಯಾವುದೋ ಕಾರಣಕ್ಕೆ ಸಿಟ್ಟಾಗಿ ಮಾತು ಬಿಟ್ಟಿದ್ದಾನೆ. ಐದನೆಯವನ ವಿಷಯ ಬರೆಯಲು ಕೂತಿದ್ದೇನೆ.

ಹೆಸರು ಬೇಡ. ಕಾಪು ಕಡೆಯ ನಮ್ಮ ಹಳ್ಳಿಯಲ್ಲಿ ಗದ್ದೆಯ ತಗ್ಗಿನಲ್ಲಿದ್ದ ಮನೆ ಅವರದು, ಹಾಗಾಗಿ ಎಲ್ಲರ ಬಾಯಲ್ಲೂ ಕೆಳಮನೆ ಹುಡುಗ. ಅಪ್ಪ ಬೇಗ ತೀರಿಕೊಂಡು, ಹದಿಮೂರನೆಯ ವಯಸ್ಸಿಗೆ ಬೊಂಬಾಯಿಗೆ ಬಂದು ಹೋಟೆಲ್ ಸೇರಿದ್ದ. ಹಗಲು ಲೋಟ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಹೋಗಿ, ರಾತ್ರಿ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದ. ಆ ಕಾಲದ ಸಾವಿರಾರು ಹುಡುಗರ ಜಾತಕ ಅದೇ. ಮೆಟ್ರಿಕ್ ಪಾಸು ಮಾಡಿದ. 1984ರಲ್ಲಿ ನನ್ನ ಅಮ್ಮ ಇನ್‌ಲ್ಯಾಂಡ್ ಲೆಟರಿನ ಮಡಚುವ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದಿದ್ದಳು: ಕೆಳಮನೆ ಹುಡುಗನಿಗೆ ಏನಾದರೂ ಮಾಡು, ಪುಣ್ಯ ಬರುತ್ತದೆ.

ಆಗ ನಾನು ಮಧ್ಯ ರೈಲ್ವೆಯ ಉಪನಗರದ ಒಂದು ಶಾಖೆಯಲ್ಲಿ ಸಣ್ಣ ಕೈಗಾರಿಕೆಗಳ ಸಾಲ ನೋಡಿಕೊಳ್ಳುತ್ತಿದ್ದೆ. ಕುರ್ಲಾದಿಂದ ಮುಲುಂಡಿನವರೆಗೆ ಅಗ್ರಾ ರಸ್ತೆಯ ಎರಡೂ ಬದಿಗೆ ಕಾರ್ಖಾನೆಗಳೇ. ಈಗ ಅಲ್ಲಿ ಮಾಲುಗಳೂ ಮೂವತ್ತು ಮಹಡಿಯ ಗೋಪುರಗಳೂ ನಿಂತಿವೆ. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಇಂಡಸ್ಟ್ರಿಯಲ್ ಎಸ್ಟೇಟುಗಳ ಗಾಲಾಗಳು. ಒಂದೊಂದು ಗಾಲಾದಲ್ಲೂ ಹತ್ತು ಇಪ್ಪತ್ತು ಮಂದಿ ದುಡಿಯುತ್ತಿದ್ದರು. ಅಂಥ ಒಂದು ಗಾಲಾ ನಮ್ಮ ಶಾಖೆಯ ಗ್ರಾಹಕ. ಬಾಯ್ಲರು, ಹಬೆಯ ಪೈಪುಗಳಿಗೆ ಸುತ್ತುವ ಹಗ್ಗ, ಗ್ಯಾಸ್ಕೆಟ್ಟು ಮಾಡುತ್ತಿದ್ದರು. ಕಚ್ಚಾ ಮಾಲು ಆಸ್ಬೆಸ್ಟಾಸ್. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಕಲ್ನಾರು ಎಂದು ಹೆಸರಿತ್ತು. ಕಲ್ಲೂ ಹೌದು, ನಾರೂ ಹೌದು. ಬೆಂಕಿಗೆ ಸುಡುವುದಿಲ್ಲ, ಹತ್ತಿಯ ಹಾಗೆ ನೂಲಬಹುದು. ಎಷ್ಟು ಚೆಂದದ ಹೆಸರು ಕೊಟ್ಟಿದ್ದಾರೆ ನೋಡಿ.

ತಿಂಗಳಿಗೊಮ್ಮೆ ಸ್ಟಾಕ್ ಇನ್‌ಸ್ಪೆಕ್ಷನ್. ಪಾರ್ಟಿ ಕೊಟ್ಟ ಸ್ಟೇಟ್‌ಮೆಂಟ್ ಹಿಡಿದುಕೊಂಡು ಹೋಗಿ, ಮೂಟೆ ಎಣಿಸಿ, ಮಾರ್ಜಿನ್ ಕಳೆದು ಡ್ರಾಯಿಂಗ್ ಪವರ್ ಲೆಕ್ಕ ಹಾಕುವುದು. ಬಾಗಿಲು ದಾಟಿದರೆ ಬೆಳಕಿನ ಕೋಲಿನಲ್ಲಿ ಧೂಳು ನಿಂತಲ್ಲೇ ಹೊಳೆಯುತ್ತಿತ್ತು. ನಾರನ್ನು ಬಿಡಿಸಿ ಹಿಂಜುವ ಯಂತ್ರದ ಪಕ್ಕದಲ್ಲಿದ್ದವರು ಹಿಟ್ಟಿನ ಗಿರಣಿಯವರ ಹಾಗೆ, ಹುಬ್ಬು ಬಿಳಿ, ರೆಪ್ಪೆ ಬಿಳಿ. ಖಾಲಿಯಾದ ಗೋಣಿಗಳನ್ನು ಮಾಲೀಕರು ಕೆಲಸಗಾರರಿಗೆ ಧರ್ಮಕ್ಕೆ ಕೊಡುತ್ತಿದ್ದರು. ಅದನ್ನು ಅವರು ಹಾಸಿಕೊಳ್ಳುತ್ತಿದ್ದರು, ಬಚ್ಚಲಿಗೆ ಮರೆ ಕಟ್ಟುತ್ತಿದ್ದರು. ನಾನು ಇಪ್ಪತ್ತು ನಿಮಿಷ ಒಳಗಿರುತ್ತಿದ್ದೆ. ಆ ಇಪ್ಪತ್ತೂ ನಿಮಿಷ ನನ್ನ ಕರವಸ್ತ್ರ ಮೂಗಿಗೆ.

ಆ ಮಾಲೀಕರಿಗೇ ನಾನು ಹುಡುಗನ ವಿಷಯ ಹೇಳಿದ್ದು. ಸಾಲ ಕೊಡುವ ಆಫೀಸರ ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಸೋಮವಾರದಿಂದ ಬರಲಿ ಅಂದರು. ಎರಡು ವರ್ಷದ ಹಿಂದೆ, 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಎರಡೂವರೆ ಲಕ್ಷ ಜನ ಹೊರಗೆ ಬಂದು, ಅವರಲ್ಲಿ ಬಹಳ ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಅಂಥ ಕಾಲದಲ್ಲಿ ಪ್ರಾವಿಡೆಂಟ್ ಫಂಡ್, ಇ.ಎಸ್.ಐ. ಕಾರ್ಡು ಇರುವ ಪರ್ಮನೆಂಟ್ ಕೆಲಸ! ಹುಡುಗ ಮೊದಲ ಸಂಬಳದಲ್ಲಿ ನನ್ನ ಹೆಂಡತಿಗೆ ಒಂದು ಸ್ಟೀಲಿನ ಡಬ್ಬ ತಂದುಕೊಟ್ಟ. ಅದು ಇವತ್ತಿಗೂ ಅಡುಗೆಮನೆಯಲ್ಲಿದೆ, ಅವಲಕ್ಕಿ ಹಾಕಿಡುತ್ತಾಳೆ. ಅಮ್ಮನಿಗೆ ಪತ್ರ ಬರೆದೆ. ಪುಣ್ಯ ಜಮಾ ಆಯಿತು ಎಂದು ನಾನೂ ಅಂದುಕೊಂಡೆ.

ಹದಿನೇಳು ವರ್ಷ ದುಡಿದ. ತಂಗಿಯ ಮದುವೆ ಮಾಡಿದ, ಅಡವಿಟ್ಟ ಗದ್ದೆ ಬಿಡಿಸಿದ, ತಾನೂ ಮದುವೆಯಾಗಿ ಹೆಂಡತಿಯನ್ನು ಭಾಂಡುಪಿನ ಗುಡ್ಡದ ಚಾಳಿಗೆ ಕರೆದುಕೊಂಡು ಬಂದ. 2001ರಲ್ಲಿ ಗಾಲಾ ಮುಚ್ಚಿತು. ಸಿಕ್ಕಿದ ಹಣ ಹಿಡಿದುಕೊಂಡು ಊರಿಗೆ ಹೋಗಿ ಬಸ್‌ಸ್ಟಾಂಡಿನ ಬಳಿ ಅಂಗಡಿ ಇಟ್ಟ. 2018ರ ಮಳೆಗಾಲ ಮುಗಿಯುವ ಹೊತ್ತಿಗೆ ದಮ್ಮು ಶುರುವಾಯಿತು. ಎದೆಯಲ್ಲಿ ನೀರು ತುಂಬಿದೆ ಎಂದು ತೆಗೆದರು, ಮತ್ತೆ ತುಂಬಿತು. ಟಿ.ಬಿ. ಇರಬೇಕು ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಆ ಡಾಕ್ಟರನ್ನು ನಾನು ದೂರುವುದಿಲ್ಲ. ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಕಂಡರೆ ಮೊದಲು ನೆನಪಾಗುವುದು ಟಿ.ಬಿ.ಯೇ. ಕೊನೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿಸಿದ ಮೇಲೆ ಒಬ್ಬಳು ಎಳೆಯ ಡಾಕ್ಟರ್ ಯಾರೂ ಕೇಳದ ಪ್ರಶ್ನೆ ಕೇಳಿದಳಂತೆ: "ಅಂಗಡಿಗಿಂತ ಮೊದಲು ಎಲ್ಲಿ ಕೆಲಸಕ್ಕಿದ್ರಿ?"

ಬರ್ನಾರ್ಡಿನೋ ರಮಾಜಿನಿ ಎಂಬ ಇಟಲಿಯ ವೈದ್ಯ 1700ರಲ್ಲೇ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಒಂದು ಗ್ರಂಥ ಬರೆದು, ರೋಗಿಯನ್ನು ನೋಡಲು ಹೋದ ವೈದ್ಯ ಅವನ ಕಸುಬು ಯಾವುದೆಂದು ತಪ್ಪದೆ ಕೇಳಬೇಕು ಎಂದಿದ್ದ. ಮುನ್ನೂರು ವರ್ಷದ ಮೇಲೆ ಆ ಪ್ರಶ್ನೆ ನಮ್ಮ ಕೆಳಮನೆಯವನವರೆಗೆ ಬಂದು ಮುಟ್ಟಿತು.

ರೋಗದ ಹೆಸರು ಮೆಸೊಥೆಲಿಯೋಮ. ಶ್ವಾಸಕೋಶದೊಳಗಿನ ಕ್ಯಾನ್ಸರ್ ಅಲ್ಲ, ಶ್ವಾಸಕೋಶವನ್ನು ಸುತ್ತಿರುವ ತೆಳು ಪೊರೆಯ ಕ್ಯಾನ್ಸರ್. ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಸೂಜಿಯಂಥದು. ಉಸಿರಿನೊಡನೆ ಒಳಗೆ ಹೋದದ್ದನ್ನು ದೇಹ ಕರಗಿಸಲಾರದು. ಕಸ ಗುಡಿಸುವ ಜೀವಕೋಶಗಳು ಅದನ್ನು ನುಂಗಲು ಹೋಗಿ ಸೋಲುತ್ತವೆ. ಕೆಲವು ಎಳೆಗಳು ಆ ಹೊರಪೊರೆಯವರೆಗೆ ಹೋಗಿ ಅಲ್ಲೇ ಚುಚ್ಚಿಕೊಂಡು ಕೂತು ವರ್ಷಗಟ್ಟಲೆ ಉರಿ ಹುಟ್ಟಿಸುತ್ತವೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಏನೂ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ಹೆಚ್ಚಿನವರಿಗೆ ಒಂದು ವರ್ಷದ ಆಸುಪಾಸು ಆಯುಸ್ಸು. ಬೀಡಿ ಸಿಗರೇಟಿಗೂ ಈ ರೋಗಕ್ಕೂ ಸಂಬಂಧವಿಲ್ಲ (ಕಲ್ನಾರಿನ ಧೂಳು ಕುಡಿದವನು ಸಿಗರೇಟನ್ನೂ ಸೇದಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟಾಗುತ್ತದೆ, ಅದು ಬೇರೆ ಮಾತು). ಆದರೂ ಊರಿನಲ್ಲಿ ನೋಡಲು ಬಂದವರೆಲ್ಲ ಮೊದಲು ಕೇಳಿದ್ದು, "ಸೇದುದು ಉಂಟಾ?" ಎಂದೇ. ಅವನು ಎಲೆ ಅಡಿಕೆಯನ್ನೂ ಮುಟ್ಟಿದವನಲ್ಲ.

2019ರ ಆಗಸ್ಟಿನಲ್ಲಿ ತೀರಿಕೊಂಡ. ಐವತ್ತನಾಲ್ಕು ವರ್ಷ. ಅದಕ್ಕೆ ಎರಡು ತಿಂಗಳು ಮೊದಲು ನೋಡಲು ಹೋಗಿದ್ದೆ. ದಿಂಬು ಒರಗಿಸಿ ಕೂತಿದ್ದ, ಮಲಗಿದರೆ ಉಸಿರು ನಿಲ್ಲುತ್ತಿತ್ತು. ತುಳುವಿನಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನೀವು ಆ ಕೆಲಸ ಕೊಡಿಸದಿದ್ರೆ ನಾನು ಇನ್ನೂ ಮೇಜು ಒರೆಸ್ತಾ ಇರ್ತಿದ್ದೆ ಅಣ್ಣ" ಅಂದ. ವ್ಯಂಗ್ಯ ಅಲ್ಲ. ಅವನಿಗೆ ವ್ಯಂಗ್ಯ ಬರುತ್ತಿರಲಿಲ್ಲ. ಬೈದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ.

ಅಲ್ಲಿಂದ ನನಗೆ ಒಂದು ಪ್ರಶ್ನೆ ಹಿಡಿದುಕೊಂಡಿದೆ. ಗೊತ್ತಿಲ್ಲದೆ, ಒಳ್ಳೆಯದಾಗಲಿ ಎಂದು ಮಾಡಿದ ಕೆಲಸದಿಂದ ಕೇಡಾದರೆ ಮಾಡಿದವನ ಮೇಲೆ ಋಣ ಉಳಿಯುತ್ತದೆಯೇ? ನನ್ನ ಹೆಂಡತಿ, ಮಗ, ಸ್ನೇಹಿತರು ಎಲ್ಲರೂ ಇಲ್ಲ ಅನ್ನುತ್ತಾರೆ. ನಿಮಗೆ ಏನು ಗೊತ್ತಿತ್ತು, ನೀವೇನು ಡಾಕ್ಟರಾ ಅನ್ನುತ್ತಾರೆ. ಊರಿನ ಪುರೋಹಿತರು ಅವನ ಪ್ರಾರಬ್ಧ ಎಂದರು. ಈ ಪ್ರಾರಬ್ಧ ಎಂಬ ಮಾತಿಗೆ ನನಗೆ ಮೊದಲು ವಿರೋಧ ಇರಲಿಲ್ಲ. ಸಂಚಿತ ಎಂದರೆ ಹಳೆಯ ಬ್ಯಾಲೆನ್ಸು, ಪ್ರಾರಬ್ಧ ಎಂದರೆ ಈ ಜನ್ಮಕ್ಕೆ ಡ್ರಾ ಮಾಡಿದ್ದು, ಆಗಾಮಿ ಎಂದರೆ ಹೊಸ ಜಮೆ. ಬ್ಯಾಂಕಿನವನಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಆ ದಿನ ಕಿರಿಕಿರಿಯಾಯಿತು. ಯಾರೋ ಮಾಡಿದ ಸಾಲವನ್ನು ಅವನ ಖಾತೆಗೆ ಡೆಬಿಟ್ ಹಾಕಿದ ಹಾಗೆ ಕಂಡಿತು.

ಚಿಕ್ಕಂದಿನಲ್ಲಿ ತಾಳಮದ್ದಳೆಯಲ್ಲಿ ಕೇಳಿದ ಮಾಂಡವ್ಯನ ಕತೆ ನೆನಪಾಗುತ್ತದೆ. ಮೌನವ್ರತದಲ್ಲಿ ಕೂತ ಋಷಿ. ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಅಡಗಿಸಿದರು, ರಾಜನ ಭಟರು ಋಷಿಯನ್ನೇ ಶೂಲಕ್ಕೇರಿಸಿದರು. ತಪ್ಪು ತಿಳಿದು ಇಳಿಸುವಾಗ ಶೂಲ ಹೊರಗೆ ಬರಲಿಲ್ಲ, ಕತ್ತರಿಸಿದರು. ತುದಿ ಒಳಗೇ ಉಳಿಯಿತು. ಅದನ್ನು ಮೈಯಲ್ಲಿಟ್ಟುಕೊಂಡೇ ಓಡಾಡಿದ್ದಕ್ಕೆ ಅಣಿಮಾಂಡವ್ಯ ಎಂದು ಹೆಸರು. ಅವನು ಯಮಧರ್ಮನ ಸಭೆಗೆ ಹೋಗಿ ಯಾಕೆ ಹೀಗಾಯಿತು ಎಂದು ಕೇಳುತ್ತಾನೆ. ಬಾಲ್ಯದಲ್ಲಿ ನೀನು ಹುಲ್ಲುಕಡ್ಡಿಯಿಂದ ಹುಳುಗಳನ್ನು ಚುಚ್ಚಿದ್ದೆ, ಅದರ ಫಲ ಎನ್ನುತ್ತಾನೆ ಯಮ. ತಿಳಿಯದ ವಯಸ್ಸಿನಲ್ಲಿ ಮಾಡಿದ್ದಕ್ಕೆ ಇಷ್ಟು ಶಿಕ್ಷೆಯೇ ಎಂದು ಋಷಿ ಸಿಟ್ಟಾಗಿ ಯಮನಿಗೇ ಶಾಪ ಕೊಟ್ಟು, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲ ಎಂದು ಕಾನೂನು ಮಾಡುತ್ತಾನೆ. ಯಮ ವಿದುರನಾಗಿ ಹುಟ್ಟುತ್ತಾನೆ. ತಿಳಿಯದೆ ಮಾಡಿದ್ದಕ್ಕೆ ರಿಯಾಯಿತಿ ಉಂಟು ಎಂದು ಮಹಾಭಾರತವೇ ಒಪ್ಪಿತು ಎಂದಾಯಿತಲ್ಲ? ಆದರೆ ನನಗಾಗ ಹದಿನಾಲ್ಕಲ್ಲ, ಇಪ್ಪತ್ತೇಳು. ಎಂ.ಕಾಂ. ಬೇರೆ.

ಎಂ.ಕಾಂ. ಎಂದಾಗ ಇನ್ನೊಂದು ಮಾತು. ಸಹಕಾರ ಚಳವಳಿಯ ಪಾಠದಲ್ಲಿ ನಮಗೆ ಮೊದಲು ಕಲಿಸುವುದು ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕತೆ. 1844ರಲ್ಲಿ ಅಲ್ಲಿನ ನೇಕಾರರೂ ಕೂಲಿಗಳೂ ಸೇರಿ ಒಂದು ಅಂಗಡಿ ತೆರೆದು ಲೋಕಕ್ಕೇ ಮಾದರಿಯಾದರು. ಹತ್ತು ಅಂಕದ ಪ್ರಶ್ನೆ. ಅದೇ ರಾಚ್‌ಡೇಲಿನಲ್ಲಿ ಟರ್ನರ್ ಬ್ರದರ್ಸ್ ಎಂಬ ಕಲ್ನಾರಿನ ಗಿರಣಿ ಇತ್ತು ಎಂದು ನಾನು ಓದಿದ್ದು ರಿಟೈರ್ ಆದ ಮೇಲೆ, ಕೆಳಮನೆಯವನ ರೋಗದ ಬೆನ್ನು ಹತ್ತಿ. ಅಲ್ಲಿ ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬ ಹೆಂಗಸು 1924ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಶ್ವಾಸಕೋಶ ಗಟ್ಟಿಯಾಗಿ ಸತ್ತಳು. ಡಾಕ್ಟರ್ ಕುಕ್ ಅವಳ ಪುಪ್ಪುಸದಲ್ಲಿ ಕಲ್ನಾರಿನ ಕಣ ಕಂಡದ್ದನ್ನು ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ಕಂಪೆನಿ ಪರಿಹಾರ ಕೊಡಲಿಲ್ಲ. ಒಬ್ಬಳಿಗೆ ಕೊಟ್ಟರೆ ಮುಂದೆ ಎಲ್ಲರಿಗೂ ಕೊಡಬೇಕಾದೀತು ಎಂಬ ಹೆದರಿಕೆ. 1930ರಲ್ಲಿ ಬ್ರಿಟಿಷ್ ಸರಕಾರದ ವೈದ್ಯ ಮೆರೆವೆದರ್ ನೂರಾರು ಕೆಲಸಗಾರರನ್ನು ಪರೀಕ್ಷಿಸಿ ನಾಲ್ವರಲ್ಲಿ ಒಬ್ಬರ ಶ್ವಾಸಕೋಶ ಕೆಟ್ಟಿದೆ ಎಂದರು, ಮರುವರ್ಷ ಧೂಳಿನ ನಿಯಮ ಬಂತು. 1960ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಿಂದ ವ್ಯಾಗ್ನರ್ ಮತ್ತು ಜೊತೆಯವರು ಮೂವತ್ತಮೂರು ಮೆಸೊಥೆಲಿಯೋಮ ರೋಗಿಗಳ ವರದಿ ಕೊಟ್ಟರು. ಅವರಲ್ಲಿ ಗಣಿಯೊಳಗೆ ಎಂದೂ ದುಡಿಯದೆ, ಸಣ್ಣಂದಿನಲ್ಲಿ ಅದರ ಆಸುಪಾಸಿನಲ್ಲಿ ಬೆಳೆದವರೂ ಇದ್ದರು.

ಈ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು, ಕೊನೆಗೆ '1984, ಕೆಳಮನೆ' ಎಂದು ಬರೆದು ನೋಡಿದೆ. ಗೊತ್ತಿರಲಿಲ್ಲ ಎಂಬ ಮಾತು ಎಷ್ಟು ಸಣ್ಣದಾಗಿ ಕಂಡಿತು! ಲೋಕಕ್ಕೆ ಗೊತ್ತಿತ್ತು. ನಮ್ಮ ಅಗ್ರಾ ರಸ್ತೆಯ ದೊಡ್ಡ ಕಲ್ನಾರು ಕಾರ್ಖಾನೆಗಳಿಗೂ ರಾಚ್‌ಡೇಲಿನ ಆ ಮನೆತನದಿಂದಲೇ ಬೆಳೆದ ಟರ್ನರ್ ಅಂಡ್ ನ್ಯೂವಾಲ್ ಕಂಪೆನಿಗೂ ನೆಂಟಸ್ತಿಕೆ ಇತ್ತು. ಯಂತ್ರ, ಸೂತ್ರ, ಬಂಡವಾಳ ಎಲ್ಲವೂ ಹಡಗು ಹತ್ತಿ ಬೊಂಬಾಯಿಗೆ ಬಂದುವು. ತಿಳುವಳಿಕೆಯೊಂದು ಹಡಗು ಹತ್ತಲಿಲ್ಲ. (ಆ ಕಂಪೆನಿಯನ್ನು ಕೊಂಡ ಅಮೆರಿಕದ ಫೆಡರಲ್ ಮೊಗಲ್ 2001ರಲ್ಲಿ ಕಲ್ನಾರು ರೋಗಿಗಳ ದಾವೆಗಳ ಭಾರಕ್ಕೆ ದಿವಾಳಿ ಕೋರ್ಟಿಗೆ ಹೋಯಿತು. ಬ್ಯಾಂಕಿನವನಾದ್ದರಿಂದ ಈ ಸಂಗತಿ ನನಗೆ ಹೆಚ್ಚು ಆಸಕ್ತಿಯದು.) ನಮ್ಮ ಗ್ರಾಹಕನ ಗಾಲಾಕ್ಕೂ ಆ ದೊಡ್ಡವರಿಗೂ ಸಂಬಂಧವಿರಲಿಲ್ಲ. ಆದರೆ ಗಾಲಾದಲ್ಲಿ ನಾನು ಎಣಿಸುತ್ತಿದ್ದ ಮೂಟೆಗಳ ಮೇಲೆ ಕೆನಡಾದ ಹೆಸರಿರುತ್ತಿತ್ತು. ಆ ದೇಶದಲ್ಲಿ ಆಸ್ಬೆಸ್ಟಾಸ್ ಎಂಬ ಹೆಸರಿನ ಊರೇ ಒಂದಿತ್ತು. ಕೆನಡಾ 2018ರಲ್ಲಿ ಕಲ್ನಾರನ್ನು ನಿಷೇಧಿಸಿತು. 2020ರಲ್ಲಿ ಆ ಊರಿನವರು ಮತ ಹಾಕಿ ಹೆಸರನ್ನೇ ಬದಲಾಯಿಸಿಕೊಂಡರು. ಬ್ರಿಟನ್ 1999ರಲ್ಲೇ ನಿಷೇಧಿಸಿತ್ತು. ನಮ್ಮಲ್ಲಿ ಗಣಿ ನಿಂತರೂ ಆಮದು ನಿಂತಿಲ್ಲ. ಹೆಚ್ಚಿನದು ರಷ್ಯಾದಿಂದ ಬರುತ್ತದೆ, ಬಹುಪಾಲು ಮಾಡಿನ ಸಿಮೆಂಟ್ ಶೀಟಿಗೆ ಹೋಗುತ್ತದೆ.

ನಾನು ಡಾಕ್ಟರಲ್ಲ, ನಿಜ. ಬ್ರಿಟಿಷ್ ಮೆಡಿಕಲ್ ಜರ್ನಲ್ ತರಿಸುವವನೂ ಅಲ್ಲ. ಹಾಗಿದ್ದರೆ ನನ್ನನ್ನು ನಾನು ಬಿಟ್ಟುಬಿಡಬಹುದಲ್ಲ? ಬಿಡಲು ಹೋದಾಗಲೆಲ್ಲ ಆ ಕರವಸ್ತ್ರ ಅಡ್ಡ ಬರುತ್ತದೆ. ರೋಗದ ಹೆಸರು ಗೊತ್ತಿರಲಿಲ್ಲ, ಆದರೆ ಆ ಗಾಳಿ ಉಸಿರಾಡಲು ಒಳ್ಳೆಯದಲ್ಲ ಎಂದು ನನ್ನ ಕೈಗೆ ಗೊತ್ತಿತ್ತು. ಬಾಗಿಲಲ್ಲೇ ಅದು ಜೇಬಿಗೆ ಹೋಗುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ನನಗೆ ಬೇಡವಾದದ್ದು ದಿನಕ್ಕೆ ಎಂಟು ಗಂಟೆ ಅವನಿಗೆ ಆದೀತು ಎಂದು ಯಾವ ಲೆಕ್ಕದಿಂದ ತೀರ್ಮಾನಿಸಿದೆ? ಮಾಲೀಕರನ್ನು "ಈ ಧೂಳಿನಿಂದ ಏನೂ ಆಗುವುದಿಲ್ಲವಾ?" ಎಂದು ಒಂದು ಸಲ ಕೇಳಬಹುದಿತ್ತು. ಸಾಲ ಕೊಡುವವನು ಕೇಳಿದರೆ ಒಂದು ಗಾಳಿ ಎಳೆಯುವ ಫ್ಯಾನಾದರೂ ಬರುತ್ತಿತ್ತೋ ಏನೋ. ಸ್ಟಾಕಿಗೆ ವಿಮೆ ಉಂಟಾ, ಬೆಂಕಿ ಆರಿಸುವ ಬಕೆಟ್ಟಿನಲ್ಲಿ ಮರಳು ಉಂಟಾ ಎಂದು ತಪ್ಪದೆ ಕೇಳುತ್ತಿದ್ದೆ. ಬೆಂಕಿಗೆ ಸುಡದ ಮಾಲಿಗೆ ಬೆಂಕಿಯ ವಿಮೆ! ಎದುರಿಗೆ ಬಿಳಿ ಹುಬ್ಬಿನ ಜನ ನಿಂತಿದ್ದರು, ಅವರು ಸ್ಟೇಟ್‌ಮೆಂಟಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಗೊತ್ತಿಲ್ಲದಿರುವುದು ಒಂದು, ಕೇಳದಿರುವುದು ಇನ್ನೊಂದು. ಮೊದಲನೆಯದಕ್ಕೆ ಮಾಂಡವ್ಯ ರಿಯಾಯಿತಿ ಕೊಟ್ಟ. ಎರಡನೆಯದಕ್ಕೆ ಕೊಟ್ಟ ಹಾಗೆ ಕಾಣುವುದಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಭೋಪಾಲ ಆಯಿತು. ಒಂದೇ ರಾತ್ರಿ ಸಾವಿರಾರು ಜನ. ಕಾರ್ಖಾನೆಯ ಗಾಳಿ ಮನುಷ್ಯನನ್ನು ಕೊಲ್ಲಬಹುದು ಎಂದು ದೇಶಕ್ಕೆಲ್ಲ ಗೊತ್ತಾಯಿತು. ಬ್ಯಾಂಕಿನಲ್ಲಿ ಚಹಾ ಕುಡಿಯುವಾಗ ನಾವೂ ವಾರಗಟ್ಟಲೆ ಅದನ್ನೇ ಮಾತಾಡಿದೆವು. ಮರುದಿನ ನಾನು ಅದೇ ಗಾಲಾಕ್ಕೆ ಮೂಟೆ ಎಣಿಸಲು ಹೋದೆ. ಒಂದು ರಾತ್ರಿಯಲ್ಲಿ ಕೊಂದದ್ದು ನಮಗೆ ಕಾಣುತ್ತದೆ. ಮೂವತ್ತೈದು ವರ್ಷ ತೆಗೆದುಕೊಂಡು, ಅದೂ ಸಾವಿರ ಕಿಲೋಮೀಟರ್ ದೂರದ ಹಳ್ಳಿಯ ಮನೆಗೆ ಹೋಗಿ ಕೊಂದದ್ದು ಯಾರಿಗೆ ಕಾಣಬೇಕು?

ಊರು ಬಿಟ್ಟು ದುಡಿಯುವವರ ವಿಷಯದಲ್ಲಿ ಇದು ವಿಶೇಷವಾಗಿ ಹೀಗೇ. ಧೂಳು ಮುಂಬಯಿಯದು, ರೋಗ ಊರಿನದು. ಇಲ್ಲಿನ ಲೆಕ್ಕದಲ್ಲಿ ಅವನು 2001ಕ್ಕೇ ಬಿಟ್ಟು ಹೋದವನು, ಅಲ್ಲಿನ ಲೆಕ್ಕದಲ್ಲಿ ಅಂಗಡಿಯವನು. ಸಾತಾರೆಯವನು ಸಾತಾರೆಯಲ್ಲಿ, ಜೌನ್‌ಪುರದವನು ಜೌನ್‌ಪುರದಲ್ಲಿ ಕೆಮ್ಮುತ್ತಾನೆ. ಮುಂಬಯಿಯ ಒಂದು ಕಲ್ನಾರು ಕಾರ್ಖಾನೆಯ 181 ಕೆಲಸಗಾರರನ್ನು ಪರೀಕ್ಷಿಸಿ ಡಾ. ಮುರಳೀಧರ್ ಮತ್ತು ವಿಜಯ್ ಕನ್ಹೇರೆ 2005ರಲ್ಲಿ ಒಂದು ವರದಿ ಪ್ರಕಟಿಸಿದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆಸ್ಬೆಸ್ಟೋಸಿಸ್ ಇತ್ತು. ದೇಶದಲ್ಲಿ ಲಕ್ಷ ಜನ ಈ ಧೂಳಿನಲ್ಲಿ ದುಡಿದಿರಬಹುದು, ಪರಿಹಾರ ಸಿಕ್ಕಿದವರು ಮೂವತ್ತಕ್ಕಿಂತಲೂ ಕಡಿಮೆ ಎಂದೂ ಅದರಲ್ಲಿ ಬರೆದಿದ್ದಾರೆ. ಲಕ್ಷಕ್ಕೆ ಮೂವತ್ತು! ಯಾವ ಬ್ಯಾಂಕಿನಲ್ಲಿಯಾದರೂ ಕ್ಲೇಮುಗಳು ಈ ಪ್ರಮಾಣದಲ್ಲಿ ಬಂದರೆ, ಬಾಗಿಲಿಗೆ ಬೀಗ ಹಾಕಿದ್ದಾರೆ ಎಂದೇ ಅರ್ಥ.

ಕಾನೂನು ಇಲ್ಲ ಎಂದಲ್ಲ. ಅಹಮದಾಬಾದಿನ ಗ್ರಾಹಕ ಸಂಸ್ಥೆಯೊಂದು ಹಾಕಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1995ರ ಜನವರಿ 27ರಂದು ತೀರ್ಪು ಕೊಟ್ಟಿತು. ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ. ಕಲ್ನಾರಿನ ರೋಗ ಖಚಿತವಾದವನಿಗೆ ಒಂದು ಲಕ್ಷ ರೂಪಾಯಿ. ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ಮುಂದಿನದೋ ಅಲ್ಲಿಯವರೆಗೆ ಇಡಬೇಕು. ಈ ಕೊನೆಯ ಮಾತು ಬರೆದ ನ್ಯಾಯಾಧೀಶರಿಗೆ ರೋಗದ ಸ್ವಭಾವ ಗೊತ್ತಿತ್ತು. ಲೆಕ್ಕ ಹಾಕಿದೆ. 1984ಕ್ಕೆ 40 ಸೇರಿಸಿದರೆ 2024. ಅವನ ದಾಖಲೆ ಅವನಿಗಿಂತ ಐದು ವರ್ಷ ಹೆಚ್ಚು ಬದುಕಬೇಕಿತ್ತು.

2019ರ ಆ ಎರಡು ತಿಂಗಳು ನಾನು ಅದನ್ನೇ ಹುಡುಕಿಕೊಂಡು ಓಡಾಡಿದೆ. ಗಾಲಾ ಇದ್ದ ಎಸ್ಟೇಟೇ ಇರಲಿಲ್ಲ. ಮಾಲೀಕರು ತೀರಿಕೊಂಡಿದ್ದರು, ಮಗ ವಿದೇಶದಲ್ಲಿ. ನಮ್ಮ ಶಾಖೆಯಲ್ಲಿ ಸಾಲದ ಫೈಲು, ನನ್ನ ಇನ್‌ಸ್ಪೆಕ್ಷನ್ ವರದಿ, ಎಲ್ಲವೂ ಅವಧಿ ಮುಗಿದು ಚೂರಾಗಿತ್ತು. ಊರಿನ ಟ್ರಂಕಿನಲ್ಲಿ ಸಿಕ್ಕಿದ್ದು ಒಂದು ಹರಿದ ಇ.ಎಸ್.ಐ. ಕಾರ್ಡು, ಪಿ.ಎಫ್. ಸ್ಲಿಪ್ಪು, ಮತ್ತೆ ದೀಪಾವಳಿಗೆ ತೆಗೆದ ಒಂದು ಗ್ರೂಪ್ ಫೋಟೋ. ಕಚೇರಿಯೊಂದರಲ್ಲಿ ಗುಮಾಸ್ತರು ಕಾರ್ಡು ನೋಡಿ, ಇಷ್ಟು ಹಳೆಯದಕ್ಕೆ ಈಗ ಏನು ಮಾಡಲಿಕ್ಕಾಗುತ್ತದೆ ಅಂದರು. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ಡೆಪಾಜಿಟ್ಟು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೂ ವಾರಸುದಾರ ಬಂದು ಕೇಳಿದ ದಿನ ಕೊಡಲೇಬೇಕು, ಹಕ್ಕು ಸಾಯುವುದಿಲ್ಲ. ಅದನ್ನು ನಾನು ಗುಮಾಸ್ತರಿಗೆ ವಿವರಿಸಲು ಹೋದೆ. ಅವರು ತಾಳ್ಮೆಯಿಂದ ಕೇಳಿ, ನೀವು ಬ್ಯಾಂಕಿನಲ್ಲಿದ್ದಿರಾ ಎಂದು ಕೇಳಿದರು. ಕಾಗದಪತ್ರ ಪೂರ್ತಿಯಾಗುವ ಮೊದಲೇ ಊರಿನಿಂದ ಫೋನ್ ಬಂತು.

ಇನ್ನು ಉಳಿದದ್ದು ಅವನ ಹೆಂಡತಿಯ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. 1965ರಲ್ಲಿ ಲಂಡನ್ನಿನಲ್ಲಿ ನ್ಯೂಹೌಸ್ ಮತ್ತು ಥಾಂಪ್ಸನ್ ಎಂಬ ಇಬ್ಬರು ಪ್ರಕಟಿಸಿದ ಅಧ್ಯಯನದಲ್ಲಿ, ಕಾರ್ಖಾನೆಗೆ ಕಾಲೇ ಇಡದೆ ಮೆಸೊಥೆಲಿಯೋಮ ಬಂದವರ ಲೆಕ್ಕ ಇದೆ. ಕೆಲವರು ಕಾರ್ಖಾನೆಯ ಅರ್ಧ ಮೈಲಿಯೊಳಗೆ ವಾಸವಿದ್ದವರು. ಕೆಲವರು ಗಂಡನ, ಮನೆಯವರ ಬಟ್ಟೆ ಒಗೆದ ಹೆಂಗಸರು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹತ್ತು ವರ್ಷ ಅವಳು ಭಾಂಡುಪಿನಲ್ಲಿ ಅವನ ಅಂಗಿ ಕೊಡವಿ ಒಗೆದಿದ್ದಾಳೆ. ಹೇಳಬೇಕೇ? ಹೇಳಿದರೆ ಮೈಯಿಂದ ಆ ಎಳೆ ತೆಗೆಯುವ ಔಷಧ ಇಲ್ಲ, ಬರದಂತೆ ತಡೆಯುವ ಮಾತ್ರೆ ಇಲ್ಲ. ಬಟ್ಟೆ ಒಗೆದವರಿಗೆಲ್ಲ ಬರುತ್ತದೆ ಎಂದೂ ಇಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ಒಂಟಿ ಹೆಂಗಸಿನ ತಲೆಗೆ ಸುಮ್ಮನೆ ಒಂದು ಭಯ ಕಟ್ಟಿದ ಹಾಗಾಗುತ್ತದೆ. ಹೇಳದಿದ್ದರೆ? ನಾಳೆ ದಮ್ಮು ಬಂದರೆ ಮತ್ತೆ ಟಿ.ಬಿ. ಮಾತ್ರೆ, ಮತ್ತೆ ಅದೇ ತಿಂಗಳುಗಳು. ನನ್ನ ಮಗ ಹೇಳಬೇಡಿ ಅಂದ. ಅವನ ವಾದ ಸರಿಯಾಗಿಯೇ ಇತ್ತು. ಆದರೆ ಅವಳ ಮೈಯ ಸಂಗತಿ ನನಗೆ ಗೊತ್ತಿದ್ದು ಅವಳಿಗೆ ಗೊತ್ತಿಲ್ಲದಿರುವುದು ನನಗೆ ರಾಚ್‌ಡೇಲಿನ ಗುಮಾನಿ ಹುಟ್ಟಿಸಿತು. ಅಲ್ಲಿನವರೂ ಸುಮ್ಮನೆ ಯಾಕೆ ಹೆದರಿಸುವುದು ಎಂದೇ ಅಂದುಕೊಂಡಿರಬಹುದು.

ಎರಡನೆಯ ವರ್ಷದ ತಿಥಿಗೆ ಹೋದಾಗ ಹೇಳಿದೆ. ಮನೆಯ ಹಿಂದಿನ ಸೌದೆಯ ಕೊಟ್ಟಿಗೆಯ ಮಾಡು ಸಿಮೆಂಟ್ ಶೀಟಿನದು. ಅದನ್ನು ಒಡೆಯಬೇಡ, ಕೊರೆಯಬೇಡ, ತೆಗೆಯುವುದಿದ್ದರೆ ನೀರು ಹಾಕಿ ಇಡಿಯಾಗಿ ಇಳಿಸಲು ಹೇಳು, ಹಾಗೇ ಇದ್ದರೆ ಅಷ್ಟು ಅಪಾಯವಿಲ್ಲ ಎಂದು ಅಲ್ಲಿಂದ ಮಾತು ಶುರು ಮಾಡಿ, ಸುತ್ತಿ ಬಳಸಿ ಬಟ್ಟೆಯ ವಿಷಯಕ್ಕೆ ಬಂದೆ. ದಮ್ಮೋ ಎದೆನೋವೋ ಬಂದರೆ ಡಾಕ್ಟರಿಗೆ ಮೊದಲ ಮಾತೇ ಇದನ್ನು ಹೇಳಬೇಕು ಎಂದೆ. ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ತಂದಿದ್ದೆ, ಕೊಟ್ಟೆ. ಅವಳು ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ ಇಟ್ಟಳು. ಅಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:

"ಅಣ್ಣ, ಚಾಳಿನಲ್ಲಿ ಬಟ್ಟೆ ಒಗೆಯುವ ಕಲ್ಲು ಇದ್ದದ್ದು ಒಂದೇ. ಆ ಗಾಲಾದವರು ನಮ್ಮ ಸಾಲಿನಲ್ಲೇ ಏಳು ಮನೆ ಇದ್ರು. ಅವರಿಗೆಲ್ಲ ಯಾರು ಹೇಳಿದ್ದು?"

ಯಾರೂ ಹೇಳಿಲ್ಲ ಎಂದೆ. ಅವಳು ಒಳಗೆ ಹೋಗಿ ದೀಪಾವಳಿಯ ಆ ಫೋಟೋ ತಂದು ಚಿಮಣಿಯ ಹತ್ತಿರ ಹಿಡಿದು ಒಬ್ಬೊಬ್ಬರ ಮೇಲೆ ಬೆರಳಿಟ್ಟು ಹೇಳುತ್ತಾ ಹೋದಳು. ಇವ ಸಾತಾರೆಯವ, ಹೆಂಡತಿಗೆ ಕಿವಿ ಕೇಳ್ತಿರಲಿಲ್ಲ. ಇವ ಬಿಜಾಪುರದ ಕಡೆಯವ, ರೊಟ್ಟಿ ಕೊಡ್ತಿದ್ರು. ಈ ಇಬ್ಬರು ಅಣ್ಣತಮ್ಮ, ಜೌನ್‌ಪುರ. ನಾನು ತಿಥಿಯ ಲೆಕ್ಕ ಬರೆದ ಕಾಗದದ ಹಿಂದೆ ಬರೆದುಕೊಂಡೆ. ಏಳರಲ್ಲಿ ಎರಡು ಮನೆ ಇಲ್ಲಿಯವರೆಗೆ ಸಿಕ್ಕಿವೆ. ಬಿಜಾಪುರದವರ ಊರಿನ ಹೆಸರು ಅವಳಿಗೆ ನೆನಪಿಲ್ಲ. ಇಂಡಿ ತಾಲೂಕೋ ಸಿಂದಗಿಯೋ ಇರಬೇಕು, ಬಸ್ಸಿಳಿದು ಒಂದು ಹಳ್ಳ ದಾಟಬೇಕು ಎಂದು ಅವರು ಹೇಳುತ್ತಿದ್ದರಂತೆ.